ಟ್ಯೂಬಿನೊಳಗೆ ಕಲಗಚ್ಚು: ಶುಗರ್ ಇದ್ದವರ ಕೊಲೆಸ್ಟ್ರಾಲ್ ಎಲ್ಲಿ ಕೆಡುತ್ತದೆ?

ಲ್ಯಾಬಿಗೆ ಹೊಸ ಯಂತ್ರ ಬಂದರೆ ಮೊದಲು ನಮ್ಮದೇ ರಕ್ತ ಹಾಕಿ ನೋಡುವುದು ನಮ್ಮಂಥವರ ಚಟ. ದಾವಣಗೆರೆಯ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಊರವರ ರಕ್ತ ತೆಗೆಯುತ್ತಿರುವ ನಾನು ಅವತ್ತು ನನ್ನ ತೋಳಿಗೇ ಪಟ್ಟಿ ಕಟ್ಟಿಸಿಕೊಂಡೆ. ಖಾಲಿ ಹೊಟ್ಟೆ, ರಾತ್ರಿ ಊಟ ಮುಗಿದು ಹನ್ನೊಂದು ತಾಸಾಗಿತ್ತು. ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಹೊರಗೆ ತೆಗೆದರೆ ಕೆಳಗೆ ಕೆಂಪು ಕಣ, ನಡುವೆ ಜೆಲ್ಲಿನ ಪದರ, ಮೇಲೆ ತಿಳಿಹಳದಿ ಸೀರಮ್ ನಿಂತಿರಬೇಕು. ನನ್ನದರಲ್ಲಿ ಮೇಲೆ ನಿಂತದ್ದು ಅಕ್ಕಿ ತೊಳೆದ ಕಲಗಚ್ಚು. ಟ್ಯೂಬಿನ ಹಿಂದೆ ಬೆರಳಿಟ್ಟೆ, ಬೆರಳು ಸರಿಯಾಗಿ ಕಾಣಲಿಲ್ಲ. ಜೊತೆಗಿದ್ದ ಹುಡುಗ ಎತ್ತಿ ಬೆಳಕಿಗೆ ಹಿಡಿದು, "ಅಣ್ಣ, ಇದ್ಯಾರ್ದು? ಫೋನ್ ಮಾಡಿ ಹೇಳ್ಬೇಕಲ್ಲ" ಅಂದ.

ಹೇಳಬೇಕಾದವನು ಎದುರಿಗೇ ನಿಂತಿದ್ದೆ.

ಆಗ ನನಗೆ ಶುಗರ್ ಬಂದು ನಾಲ್ಕು ವರ್ಷ. ಯಂತ್ರ ಕೊಟ್ಟ ಅಂಕಿ ಇವು, ಎಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ: ಒಟ್ಟು ಕೊಲೆಸ್ಟ್ರಾಲ್ 186, ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್ ಅನ್ನುತ್ತಾರೆ) 32, ಟ್ರೈಗ್ಲಿಸರೈಡ್ (ರಕ್ತದಲ್ಲಿ ಸುತ್ತುವ ಕೊಬ್ಬು) 340, ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) 86. ಇದೇ ಕಾಗದವನ್ನು ಕೌಂಟರಿನ ಆಚೆ ನಿಂತವರ ಕೈಗೆ ಕೊಟ್ಟಿದ್ದರೆ ಅವರು ಮೊದಲ ಸಾಲು ನೋಡಿ ಮಡಚಿ ಜೇಬಿಗಿಡುತ್ತಿದ್ದರು. ಎಪಿಎಂಸಿಯ ದಲಾಲಿ ಅಂಗಡಿಯ ಗುಮಾಸ್ತರೊಬ್ಬರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಪ್ರತಿ ಸಲವೂ ಅವರದು ಒಂದೇ ಮಾತು: "ಇನ್ನೂರ್ರೊಳಗೆ ಐತಲ್ಲ, ಸಾಕು ಬಿಡ್ರಿ."

ಸಾಕಾಗುವುದಿಲ್ಲ. ಶುಗರ್ ಇದ್ದವರ ರಕ್ತದಲ್ಲಿ ಕೊಬ್ಬು ಕೆಡುವ ರೀತಿಯೇ ಬೇರೆ. ಬೇರೆಯವರಲ್ಲಿ ಸಾಮಾನ್ಯವಾಗಿ ಎಲ್‌ಡಿಎಲ್ ಏರಿ, ಅದರ ಜೊತೆ ಒಟ್ಟು ಅಂಕಿಯೂ ಏರಿ ಸಿಕ್ಕಿಬೀಳುತ್ತದೆ. ಎರಡನೇ ಬಗೆಯ (ಟೈಪ್ 2) ಸಕ್ಕರೆ ಕಾಯಿಲೆಯಲ್ಲಿ ಹೆಚ್ಚಾಗಿ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಅಂಕಿ ಮಾತ್ರ ಸಾಧುವಿನ ಹಾಗೆ ಕೂತಿರುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಒಟ್ಟು ಮೊತ್ತದಲ್ಲಿ ಏನು ಕಂಡೀತು?

ಒಳಗೆ ಏನಾಗುತ್ತದೆ ಎಂಬುದನ್ನು ಆ ಗುಮಾಸ್ತರಿಗೆ ಅವರ ಯಾರ್ಡಿನ ಲೆಕ್ಕದಲ್ಲೇ ಹೇಳಿದ್ದೆ. ಇಲ್ಲೂ ಅದನ್ನೇ ಹೇಳುತ್ತೇನೆ.

ಮೆಕ್ಕೆಜೋಳದ ಸೀಜನ್ ನೆನೆಸಿಕೊಳ್ಳಿ. ಯಕೃತ್ತು ಅಂದರೆ ಯಾರ್ಡು. ಅಲ್ಲಿಂದ ಕೊಬ್ಬಿನ ಮೂಟೆ ತುಂಬಿದ ಲಾರಿಗಳು ರಕ್ತನಾಳಗಳ ರಸ್ತೆಗೆ ಹೊರಡುತ್ತವೆ. ಮೂಟೆಯೇ ಟ್ರೈಗ್ಲಿಸರೈಡ್, ಲಾರಿಯ ಹೆಸರು ವಿಎಲ್‌ಡಿಎಲ್. ಸ್ನಾಯುಗಳ ಬಾಗಿಲಲ್ಲಿ ಮೂಟೆ ಇಳಿಸುವ ಹಮಾಲರಿದ್ದಾರೆ. ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅದು, ನಾವು ಹಮಾಲರು ಅಂತಲೇ ಕರೆಯೋಣ. ಹೊಟ್ಟೆಯ ಬೊಜ್ಜು ಗೋದಾಮು. ಈ ಎಲ್ಲಕ್ಕೂ ಮೇಸ್ತ್ರಿ ಇನ್ಸುಲಿನ್. ಊಟವಾದ ಕೂಡಲೇ ಅವನು ಕೂಗು ಹಾಕುತ್ತಾನೆ: ಗೋದಾಮಿನ ಬಾಗಿಲು ಹಾಕ್ರಿ, ಯಾರ್ಡಿನಿಂದ ಲಾರಿ ಬಿಡಬೇಡ್ರಿ, ಬಂದಿರೋದನ್ನ ಮೊದಲು ಇಳಿಸ್ರಿ.

ಎರಡನೇ ಬಗೆಯ ಸಕ್ಕರೆ ಕಾಯಿಲೆ ಅಂದರೆ ಮೇಸ್ತ್ರಿಯ ಕೂಗು ಯಾರ ಕಿವಿಗೂ ಬೀಳದಿರುವುದು. ಮೊದಮೊದಲು ಅವನೇನೋ ಗಂಟಲು ಹರಿಯುವಷ್ಟು ಕೂಗುತ್ತಾನೆ, ಇನ್ಸುಲಿನ್ ರಕ್ತದಲ್ಲಿ ಹೆಚ್ಚೇ ಇರುತ್ತದೆ. ಕೇಳುವವರಿಲ್ಲ. ಗೋದಾಮಿನ ಬಾಗಿಲು ತೆರೆದೇ ಉಳಿದು ಅಲ್ಲಿನ ಕೊಬ್ಬು ಹರಿದು ಯಕೃತ್ತಿಗೆ ಬರುತ್ತದೆ. ತಟ್ಟೆಯಲ್ಲಿ ಹೆಚ್ಚಾದ ಅನ್ನ, ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿ ಕಟ್ಟುತ್ತದೆ. ಲಾರಿ ಮೇಲೆ ಲಾರಿ ಹೊರಡುತ್ತದೆ. ಇತ್ತ ಹಮಾಲರು ಸೋಮಾರಿಗಳಾಗಿದ್ದಾರೆ, ಮೂಟೆ ಇಳಿಯುವುದಿಲ್ಲ. ರಸ್ತೆ ತುಂಬ ಲಾರಿ. ನನ್ನ ಟ್ಯೂಬಿನಲ್ಲಿ ಕಂಡ ಕಲಗಚ್ಚು ಅದೇ, ಇಳಿಸದೆ ಬಿಟ್ಟ ಸರಕು.

ಕಥೆ ಅಲ್ಲಿಗೇ ನಿಂತಿದ್ದರೆ ಇಷ್ಟು ಚಿಂತೆ ಇರಲಿಲ್ಲ. ರಸ್ತೆಯಲ್ಲಿ ಕೊಳೆಯುತ್ತಾ ನಿಂತ ಲಾರಿಗಳು ಅಕ್ಕಪಕ್ಕದ ಗಾಡಿಗಳ ಜೊತೆ ಸರಕು ಅದಲುಬದಲು ಮಾಡಿಕೊಳ್ಳುತ್ತವೆ. ಮಿಕ್ಕ ಕೊಲೆಸ್ಟ್ರಾಲ್ ಬಳಿದುಕೊಂಡು ಯಕೃತ್ತಿಗೆ ವಾಪಸ್ ತರುವ ಗಾಡಿ ಎಚ್‌ಡಿಎಲ್. ಅದರ ಮೇಲೆ ಟ್ರೈಗ್ಲಿಸರೈಡ್ ಹೇರಿ ಅದರ ಕೊಲೆಸ್ಟ್ರಾಲನ್ನು ಇವು ಇಸಿದುಕೊಳ್ಳುತ್ತವೆ. ಹಾಗೆ ಹೇರಿಸಿಕೊಂಡ ಎಚ್‌ಡಿಎಲ್ ಬೇಗ ಒಡೆದು ರಸ್ತೆಯಿಂದಲೇ ಮಾಯ. ಎಚ್‌ಡಿಎಲ್ 32ಕ್ಕೆ ಇಳಿಯುವುದು ಹೀಗೆ. ಎಲ್‌ಡಿಎಲ್ ಕಣಗಳಿಗೂ ಇದೇ ಗತಿ. ದೊಡ್ಡ ಗಾಡಿ ಸವೆದು ಸಣ್ಣ ಲಗೇಜ್ ಆಟೊ ಆಗುತ್ತದೆ. ಲಗೇಜ್ ಆಟೊದ ಗುಣ ಗೊತ್ತಲ್ಲ, ಲಾರಿ ಹೋಗದ ಗಲ್ಲಿಗೂ ನುಗ್ಗುತ್ತದೆ. ಸಣ್ಣ, ಗಟ್ಟಿ ಎಲ್‌ಡಿಎಲ್ ಕಣಗಳು ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ತೂರುತ್ತವೆ, ಹೆಚ್ಚು ಹೊತ್ತು ರಕ್ತದಲ್ಲಿ ಸುತ್ತುತ್ತವೆ, ಬೇಗ ಕೆಡುತ್ತವೆ.

ವರದಿಯ ಎಲ್‌ಡಿಎಲ್ ಅಂಕಿ ಹೇಳುವುದು ಒಟ್ಟು ಸರಕಿನ ತೂಕ, ಗಾಡಿಗಳ ಸಂಖ್ಯೆ ಅಲ್ಲ. 86ರ ಸರಕನ್ನು ಕೆಲವೇ ದೊಡ್ಡ ಗಾಡಿಗಳು ಹೊತ್ತಿರಬಹುದು, ಒಂದು ಸಂತೆಯಷ್ಟು ಆಟೊಗಳೂ ಹೊತ್ತಿರಬಹುದು. ಗಾಡಿಗಳನ್ನೇ ಎಣಿಸಬೇಕೆಂದರೆ ಅಪೊ-ಬಿ ಎಂಬ ಪರೀಕ್ಷೆ ಇದೆ. ಈ ಕೇಡಿನ ಕಣಗಳಲ್ಲಿ ಪ್ರತಿಯೊಂದಕ್ಕೂ ಒಂದೇ ಒಂದು ಅಪೊ-ಬಿ ಇರುತ್ತದೆ, ಗಾಡಿಗೊಂದು ನಂಬರ್ ಪ್ಲೇಟಿನ ಹಾಗೆ.

ಇನ್ನೊಂದು ಗುಟ್ಟು ಹೇಳುತ್ತೇನೆ, ಲ್ಯಾಬಿನ ಒಳಗಿನದು. ನಿಮ್ಮ ಕಾಗದದ ಎಲ್‌ಡಿಎಲ್ ಬಹಳ ಕಡೆ ಅಳೆದದ್ದಲ್ಲ, ಕಳೆದದ್ದು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಅದು: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆ, ಉಳಿದದ್ದು ಎಲ್‌ಡಿಎಲ್. ನನ್ನದೇ ಲೆಕ್ಕ ನೋಡಿ. 186ರಲ್ಲಿ 32 ಹೋಯಿತು, 340ರ ಐದನೇ ಭಾಗ 68 ಹೋಯಿತು, ಉಳಿಯಿತು 86. ಟ್ರೈಗ್ಲಿಸರೈಡ್ ಏರಿದಷ್ಟೂ ಕಳೆಯುವುದು ಜಾಸ್ತಿ, ಎಲ್‌ಡಿಎಲ್ ಚಂದ ಕಾಣುವುದೂ ಜಾಸ್ತಿ. 400 ದಾಟಿದರೆ ಸೂತ್ರ ಕೈಬಿಡಬೇಕು, ನೇರವಾಗಿ ಅಳೆಯಬೇಕು.

ಹಾಗಾದರೆ ಮನೆಯಲ್ಲಿ ಕೂತು ಏನು ನೋಡಬೇಕು? ಒಟ್ಟರಲ್ಲಿ ಎಚ್‌ಡಿಎಲ್ ಒಂದನ್ನು ಮಾತ್ರ ಕಳೆಯಿರಿ. ಉಳಿಯುವುದೆಲ್ಲ ಕೇಡಿನ ಗಾಡಿಗಳ ಸರಕು. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ಊಟ ಮಾಡಿ ಬಂದಿದ್ದರೂ ಇದು ಹೆಚ್ಚು ಬದಲಾಗುವುದಿಲ್ಲ, ಕಾಸು ಹೆಚ್ಚಿಗೆ ಬೀಳುವುದೂ ಇಲ್ಲ. ಶುಗರ್ ಇದ್ದವರಲ್ಲಿ ಎಲ್‌ಡಿಎಲ್ 100ರೊಳಗೆ ಇರಬೇಕು. ಜೊತೆಗೆ ಬಿಪಿ, ತಂಬಾಕು ಮುಂತಾದವು ಸೇರಿದ್ದರೆ 70ರೊಳಗೆ, ಒಮ್ಮೆ ಹೃದಯಾಘಾತ ಆಗಿದ್ದರೆ 55ರೊಳಗೆ ತರಬೇಕು ಅನ್ನುತ್ತಾರೆ ವೈದ್ಯರು. ನಾನ್-ಎಚ್‌ಡಿಎಲ್‌ಗೆ ಇದರ ಮೇಲೆ 30 ಸೇರಿಸಿಕೊಳ್ಳಿ. ಟ್ರೈಗ್ಲಿಸರೈಡ್ 150ರೊಳಗೆ, ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ರ ಮೇಲೆ. ಕಾಗದದ ಬಲಗಡೆ ಅಚ್ಚಾಗಿರುವ 'ನಾರ್ಮಲ್' ಸಾಲು ಆರೋಗ್ಯವಂತರಿಗಾಗಿ ಹಾಕಿದ್ದು, ಶುಗರ್ ಇದ್ದವರು ಅದನ್ನು ನಂಬಿಕೊಂಡು ಕೂರುವಂತಿಲ್ಲ. ನನ್ನದು 186ರಲ್ಲಿ 32 ಕಳೆದರೆ 154. ಬಿಪಿಯೂ ಇರುವ ನನಗೆ 100 ದಾಟಬಾರದಿತ್ತು. 'ಇನ್ನೂರ್ರೊಳಗೆ' ಇದ್ದ ಮನುಷ್ಯ ನಾನು!

ನಾನೊಬ್ಬನೇ ಅಲ್ಲ ಬಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಾಗ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ ಅಂತ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಅಷ್ಟು ಮಾತಾಡಲಿಲ್ಲ: ಶುಗರ್ ಇದ್ದವರು ಇಲ್ಲದವರು ಎಲ್ಲ ಸೇರಿ ವಯಸ್ಕರಲ್ಲಿ 81.2 ಶೇಕಡಾ ಮಂದಿಗೆ ರಕ್ತದ ಕೊಬ್ಬಿನ ಯಾವುದಾದರೊಂದು ಸಾಲು ಕೆಟ್ಟಿದೆ. ನಮ್ಮವರಲ್ಲಿ ಅತಿ ಹೆಚ್ಚು ಕಾಣುವುದು ಎಚ್‌ಡಿಎಲ್ ಕೊರತೆ.

ಈಗ ತಟ್ಟೆಯ ಮಾತು. ಕೊಲೆಸ್ಟ್ರಾಲ್ ಅಂದ ಕೂಡಲೇ ನಮ್ಮಲ್ಲಿ ಮೊದಲು ಗಡೀಪಾರಾಗುವುದು ಮೊಟ್ಟೆ, ಆಮೇಲೆ ತುಪ್ಪ. ಅನ್ನದ ಗುಡ್ಡೆಯನ್ನು ಯಾರೂ ಮುಟ್ಟುವುದಿಲ್ಲ. ಭದ್ರಾ ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆಗೆ ಅನ್ನ ಬಂತು. ಅಜ್ಜಂದಿರ ಕಾಲಕ್ಕೆ ಹಬ್ಬಕ್ಕೆ ಮಾತ್ರ ಇದ್ದದ್ದು ಈಗ ಎರಡು ಹೊತ್ತಿನ ಊಟ, ಬೆಳಗ್ಗೆ ಚಿತ್ರಾನ್ನ ಅಂದರೆ ಮೂರು ಹೊತ್ತು. ದೇಹಕ್ಕೆ ಬೇಕಾದ ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹವೇ ಮಾಡಿಕೊಳ್ಳುತ್ತದೆ, ಆ ಕೆಲಸದಲ್ಲಿ ಯಕೃತ್ತೇ ಮುಂದೆ. ಒಂದು ಮೊಟ್ಟೆಯಿಂದ ಆಗುವ ಏರಿಳಿತ ಸಣ್ಣದು. ಯಾರ್ಡಿಗೆ ಲೋಡು ಕಳಿಸುವುದು ಅನ್ನ, ಮೈದಾ, ಸಕ್ಕರೆ, ಹಣ್ಣಿನ ಜ್ಯೂಸು. ದಿನಕ್ಕೆ ಎಂಟು ಅರ್ಧ ಟೀ ಕುಡಿಯುವವರಿದ್ದಾರೆ, ಒಂದಕ್ಕೆ ಒಂದು ಚಮಚ ಸಕ್ಕರೆ ಅಂದರೂ ಎಂಟು ಚಮಚ. ಅವರನ್ನು ಕೇಳಿದರೆ "ಸ್ವೀಟ್ ಮುಟ್ಟಂಗಿಲ್ರಿ ನಾನು" ಅನ್ನುತ್ತಾರೆ.

ಮಂಡಕ್ಕಿಯ ವಿಷಯ ಎತ್ತಿದರೆ ಊರಲ್ಲಿ ನನಗೆ ಉಳಿಗಾಲವಿಲ್ಲ. ಆದರೂ ಹೇಳಲೇಬೇಕು. ಮಂಡಕ್ಕಿ ಹಗುರ ಅಂತ ರಾತ್ರಿ ಊಟದ ಬದಲು ಅದನ್ನು ತಿನ್ನುವ ಶುಗರಿನವರು ನನಗೆ ಬಹಳ ಮಂದಿ ಗೊತ್ತು. ಹಗುರ ಇರುವುದು ಒಳಗೆ ಗಾಳಿ ತುಂಬಿರುವುದರಿಂದ. ತೂಕಕ್ಕೆ ತೂಕ ಇಟ್ಟರೆ ಅದು ಅಕ್ಕಿಯೇ, ಉಬ್ಬಿಸಿದ್ದರಿಂದ ಇನ್ನೂ ಬೇಗ ಸಕ್ಕರೆಯಾಗುವ ಅಕ್ಕಿ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಬಂದರೆ ಕಾಯಿಸಿ ಕಾಯಿಸಿ ಕಪ್ಪಾದ ಎಣ್ಣೆಯೂ ಬಂತು. ಪೂರ್ತಿ ಬಿಡಿ ಅನ್ನುವಷ್ಟು ಕಲ್ಲುಮನಸ್ಸು ನನಗಿಲ್ಲ. ನಾನೀಗ ಒಂದು ಹಿಡಿ ಮಂಡಕ್ಕಿಗೆ ಅದರ ಎರಡರಷ್ಟು ಸೌತೆಕಾಯಿ, ಈರುಳ್ಳಿ, ಮೊಳಕೆ ಹೆಸರುಕಾಳು ಬೆರೆಸಿ, ಮೇಲೆ ಹುರಿದ ಶೇಂಗಾ ಹಾಕಿಕೊಳ್ಳುತ್ತೇನೆ. ನನ್ನ ಹೆಂಡತಿಯ ಪ್ರಕಾರ ಅದಕ್ಕೆ ಮಂಡಕ್ಕಿ ಅನ್ನುವುದೇ ತಪ್ಪು.

ಬೆಣ್ಣೆ ದೋಸೆಯಲ್ಲಿ ಎರಡು ಬಗೆಯ ಪೆಟ್ಟಿದೆ. ಹಿಟ್ಟಿನಲ್ಲಿ ಅಕ್ಕಿ, ಅದಕ್ಕೆ ರುಬ್ಬಿದ ಮಂಡಕ್ಕಿ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಇವು ಟ್ರೈಗ್ಲಿಸರೈಡಿನ ಕಡೆಗೆ. ಬೆಣ್ಣೆಯ ಕೆಲಸ ಬೇರೆ, ಅದರ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದು, ಎಲ್‌ಡಿಎಲ್ ಏರಿಸುತ್ತದೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಆ ಕೊಬ್ಬು ಸುಮಾರು 7 ಗ್ರಾಂ. ದಿನಕ್ಕೆ ಎರಡು ಸಾವಿರ ಕ್ಯಾಲರಿ ಉಣ್ಣುವ, ಹೃದಯದ ಅಪಾಯ ಇರುವ ಮನುಷ್ಯನಿಗೆ ಇಡೀ ದಿನಕ್ಕೆ 15 ಗ್ರಾಂ ಮೀರಬಾರದು. ದೋಸೆ ಮೇಲೆ ಎಷ್ಟು ಚಮಚ ಬೀಳುತ್ತದೆ ಎಂದು ಹಂಚಿನ ಮುಂದೆ ನಿಂತು ನೋಡಿದವರಿಗೆ ಗೊತ್ತು. ತಿಂಗಳಿಗೊಂದು ಸಲ ತಿಂದರೆ ಯಾರ ರಕ್ತದ ಕೊಬ್ಬೂ ಕೆಡುವುದಿಲ್ಲ. ಕುಂದವಾಡ ಕೆರೆಯ ಸುತ್ತ ವಾಕಿಂಗ್ ಮುಗಿಸಿ, 'ಕರಗಿಸಿ ಆಯ್ತಲ್ಲ' ಅಂತ ದಿನಾ ನೇರ ದೋಸೆ ಹೋಟೆಲಿಗೆ ಹೋಗುವ ಗುಂಪೊಂದಿದೆ. ಅವರ ರಕ್ತವೂ ನಮ್ಮ ಲ್ಯಾಬಿಗೇ ಬರುತ್ತದೆ.

ರಾಗಿ ಮುದ್ದೆಗೂ ಒಂದು ಮಾತು. ಚಿತ್ರದುರ್ಗದ ಕಡೆಯ ನಮ್ಮ ದೊಡ್ಡಮ್ಮನಿಗೆ ಶುಗರ್ ಅಂದಾಗ ಅನ್ನ ಪೂರ್ತಿ ಬಿಟ್ಟಳು, ಮುದ್ದೆ ಒಂದಿದ್ದದ್ದು ಮೂರಾಯಿತು. ರಾಗಿಯಲ್ಲಿ ನಾರು ನಿಜಕ್ಕೂ ಹೆಚ್ಚು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಆದರೆ ಪಿಷ್ಟ ಎರಡರಲ್ಲೂ ಧಾರಾಳ. "ಮುದ್ದೆ ಔಷಧಿ ಅಲ್ಲ ದೊಡ್ಡಮ್ಮ, ಊಟ" ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಕೊನೆಗೆ ಒಪ್ಪಿದ್ದು ಇಷ್ಟು: ಮುದ್ದೆ ಒಂದೇ, ಅದೂ ಸಣ್ಣದು, ಬಸ್ಸಾರಿನ ಸೊಪ್ಪು ಕಾಳು ಮಾತ್ರ ತಟ್ಟೆಯ ಅರ್ಧ. ಹೊಸದುರ್ಗದ ಕಡೆಯ ಸಾವೆ, ನವಣೆಯ ಅನ್ನಕ್ಕೂ ಇದೇ ಲೆಕ್ಕ.

ಇನ್ನು ಎಣ್ಣೆ. ಚಳ್ಳಕೆರೆಯ ಸೀಮೆಯವರಿಗೆ ಶೇಂಗಾ ಎಣ್ಣೆಯ ಬಗ್ಗೆ ಪಾಠ ಹೇಳುವ ಧೈರ್ಯ ನನಗಿಲ್ಲ, ಅದು ಒಳ್ಳೆಯದೇ. ಡಬ್ಬಿಯ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ಬರೆದಿರುವುದಕ್ಕೆ ಮಾತ್ರ ಮರುಳಾಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೆಸರಿಸುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೀರಿನ ಬಾಟಲಿಯ ಮೇಲೆ 'ಮೂಳೆ ಇಲ್ಲ' ಅಂತ ಬರೆದ ಹಾಗೆ. ಇನ್ನೊಂದು 'ಎಣ್ಣೆ' ಇದೆಯಲ್ಲ, ಸಂಜೆಯದು. ಡಾಕ್ಟರು ಎಣ್ಣೆ ಕಡಿಮೆ ಮಾಡಿ ಅಂದರೆಂದು ಒಬ್ಬರು ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ ಬಾರಿಗೆ ಹೋಗುವುದನ್ನು ಮುಂದುವರಿಸಿದ್ದರು. ಟ್ರೈಗ್ಲಿಸರೈಡ್ 610 ಬಂತು. ಮದ್ಯ ಯಕೃತ್ತಿನಿಂದ ಲಾರಿ ಹೊರಡಿಸುವುದರಲ್ಲಿ ಅನ್ನಕ್ಕಿಂತ ಚುರುಕು. 500 ದಾಟಿದರೆ ಹೃದಯದ ಮಾತು ಆಮೇಲೆ, ಮೊದಲು ಮೇದೋಜೀರಕ ಗ್ರಂಥಿ ಉರಿದು ಆಸ್ಪತ್ರೆ ಸೇರುವ ಭಯ.

ಬೀಡಿ, ಸಿಗರೇಟು ಎಚ್‌ಡಿಎಲ್ ಇಳಿಸುತ್ತವೆ, ರಕ್ತನಾಳದ ಗೋಡೆಯನ್ನೂ ಕೆಡಿಸುತ್ತವೆ. ಗುಟ್ಕಾದವರೂ ಹೃದಯದ ಅಪಾಯದಿಂದ ಹೊರಗಿಲ್ಲ. ಇಲ್ಲಿ 'ಸ್ವಲ್ಪ' ಎಂಬ ಅಳತೆಯೇ ಇಲ್ಲ.

ನಡಿಗೆ ಮಾತ್ರ ನಿಧಾನವಾಗಿ ಹೇಳಬೇಕಾದ ವಿಷಯ, ಯಾಕೆಂದರೆ ಇದು ಕೊಬ್ಬು 'ಕರಗಿಸುವ' ಕೆಲಸ ಅಂತಲೇ ಎಲ್ಲರೂ ತಿಳಿದಿರುವುದು. ಅಸಲು ಕೆಲಸ ಹಮಾಲರನ್ನು ಎಬ್ಬಿಸುವುದು. ಸ್ನಾಯು ದುಡಿದಾಗ ಅದರ ಬಾಗಿಲಿನ ಕಿಣ್ವ ಹೆಚ್ಚುತ್ತದೆ, ರಸ್ತೆಯಲ್ಲಿ ನಿಂತ ಲಾರಿಗಳು ಖಾಲಿಯಾಗತೊಡಗುತ್ತವೆ. ದುಡಿಯುವ ಸ್ನಾಯು ಸಕ್ಕರೆಯನ್ನೂ ಮೇಸ್ತ್ರಿಯ ಕೂಗಿಗೆ ಕಾಯದೆ ಎಳೆದುಕೊಳ್ಳುತ್ತದೆ. ಆದರೆ ಈ ಎಚ್ಚರ ಉಳಿಯುವುದು ಒಂದೆರಡು ದಿನ. ಭಾನುವಾರ ಎರಡು ತಾಸು ನಡೆದು ವಾರವೆಲ್ಲ ಕೂತರೆ ಬುಧವಾರಕ್ಕೆ ಹಮಾಲರು ಮತ್ತೆ ಮಲಗಿರುತ್ತಾರೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಸತತ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ ಅನ್ನುವುದು ಅದಕ್ಕೇ. ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಕೊಟ್ಟದ್ದು ರಾತ್ರಿ ಊಟದ ಮೇಲಿನ ಹದಿನೈದು ನಿಮಿಷ. ಕೈ ತೊಳೆದು ಟಿವಿ ಮುಂದೆ ಕೂರುವ ಬದಲು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಆರು ಸುತ್ತು. ಮೊದಲ ವಾರ ನಾಯಿಗಳು ಬೊಗಳಿದವು, ಎರಡನೇ ವಾರಕ್ಕೆ ಸುಮ್ಮನಾದವು.

ಹೊಟ್ಟೆಯನ್ನು ಅಳೆಯಿರಿ, ಪ್ಯಾಂಟಿನ ಸೈಜ್ ಹೇಳಬೇಡಿ. ನಾವು ಗಂಡಸರು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ. ದರ್ಜಿಯ ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ ನೋಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಬಾರದು. ತೂಕದ ನೂರರಲ್ಲಿ ಐದರಿಂದ ಹತ್ತು ಪಾಲು ಇಳಿಸಿದರೆ ಟ್ರೈಗ್ಲಿಸರೈಡ್ ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. 80 ಕೆ.ಜಿ. ಇದ್ದವರಿಗೆ ಅದು ನಾಲ್ಕರಿಂದ ಎಂಟು ಕೆ.ಜಿ.

ಮಾತ್ರೆಯ ಬಗ್ಗೆ ಕೌಂಟರಿನಲ್ಲಿ ಕೇಳುವ ಮಾತುಗಳಿಗೆ ನನ್ನ ತಾಳ್ಮೆ ಕಡಿಮೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸುವವರು, ಕಿಡ್ನಿ ಹೋಗುತ್ತದೆ ಅಂತ ಶುರುವೇ ಮಾಡದವರು. ನಾರ್ಮಲ್ ಬಂದದ್ದು ಮಾತ್ರೆಯಿಂದ, ನಿಲ್ಲಿಸಿದರೆ ಕೆಲವೇ ವಾರದಲ್ಲಿ ಮೊದಲಿನ ಜಾಗಕ್ಕೆ ಬರುತ್ತದೆ. 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಅಧ್ಯಯನದಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ 2838 ಮಂದಿ ಇದ್ದರು. ಎಲ್ಲರಿಗೂ ಎರಡನೇ ಬಗೆಯ ಸಕ್ಕರೆ ಕಾಯಿಲೆ, ಯಾರಿಗೂ ಹೃದ್ರೋಗ ಆಗಿರಲಿಲ್ಲ, ಎಲ್‌ಡಿಎಲ್ಲೂ ಬಹಳ ಹೆಚ್ಚಿರಲಿಲ್ಲ. ದಿನಕ್ಕೆ 10 ಮಿಲಿಗ್ರಾಂ ಅಟಾರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಲಕ್ವದಂಥ ದೊಡ್ಡ ಪೆಟ್ಟುಗಳು 37 ಶೇಕಡಾ ಕಡಿಮೆಯಾದವು. ಲಾಭ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ಎರಡು ವರ್ಷ ಮೊದಲೇ ನಿಲ್ಲಿಸಿದರು. ನಲವತ್ತು ದಾಟಿದ ಶುಗರಿನವರಿಗೆ ಎಲ್‌ಡಿಎಲ್ ಎಷ್ಟೇ ಇರಲಿ ವೈದ್ಯರು ಈ ಮಾತ್ರೆ ಬರೆಯುವುದು ಇಂಥ ಪುರಾವೆಯ ಮೇಲೆ. ಶುಗರ್ ಒಂದಿಷ್ಟು ಏರಿಸುತ್ತದೆ ಎನ್ನುವುದು ನಿಜ, ಆ ಏರಿಕೆ ಸಣ್ಣದು. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಬದಲಿಸುತ್ತಾರೆ. ಗರ್ಭ ಧರಿಸುವ ಆಲೋಚನೆ ಇರುವವರು ಮೊದಲೇ ಹೇಳಬೇಕು.

ಹಾಗಾದರೆ ಟ್ರೈಗ್ಲಿಸರೈಡಿಗೂ ಒಂದು ಮಾತ್ರೆ ನುಂಗಿ ಅನ್ನ ಉಣ್ಣಬಹುದಲ್ಲ? 2022ರಲ್ಲಿ ಬಂದ ಪ್ರಾಮಿನೆಂಟ್ ಅಧ್ಯಯನ ಅದನ್ನೇ ನೋಡಿತು. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರಲ್ಲಿ ಅರ್ಧ ಮಂದಿಗೆ ಪೆಮಾಫೈಬ್ರೇಟ್ ಎಂಬ ಮಾತ್ರೆ, ಇನ್ನರ್ಧ ಮಂದಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟರು. ಹೆಚ್ಚಿನವರು ಸ್ಟ್ಯಾಟಿನ್ ಮೇಲಿದ್ದವರೇ. ಅಂಕಿ 26 ಶೇಕಡಾ ಇಳಿಯಿತು, ಹೃದಯಾಘಾತ ಒಂದಿಷ್ಟೂ ಇಳಿಯಲಿಲ್ಲ. ಲಾರಿಯ ಮೂಟೆ ಹಗುರವಾಯಿತು, ಗಾಡಿಗಳ ಸಂಖ್ಯೆ ಕಡಿಮೆಯಾಗಲಿಲ್ಲ. ತಟ್ಟೆ, ನಡಿಗೆ, ಹೊಟ್ಟೆಯ ಸುತ್ತಳತೆ ಇವು ಕೈ ಹಾಕುವುದು ಯಾರ್ಡಿಗೇ, ಲಾರಿ ಹೊರಡುವ ಜಾಗಕ್ಕೇ. ಅಂದ ಹಾಗೆ ಶುಗರ್ ಹತೋಟಿ ತಪ್ಪಿದ್ದರೆ ಟ್ರೈಗ್ಲಿಸರೈಡ್ ತಾನಾಗಿ ಏರಿರುತ್ತದೆ, ಮೊದಲು ಅದನ್ನು ಸರಿಮಾಡಿ. ಹೆಂಗಸರಲ್ಲಿ ವಿಶೇಷವಾಗಿ ಥೈರಾಯ್ಡ್ ಒಮ್ಮೆ ನೋಡಿಸಿ. ಥೈರಾಯ್ಡ್ ಕುಂದಿದ್ದರೆ ಎಷ್ಟು ಪಥ್ಯ ಮಾಡಿದರೂ ಎಲ್‌ಡಿಎಲ್ ಇಳಿಯುವುದಿಲ್ಲ.

ನನ್ನ ಕಥೆಗೆ ಬರುತ್ತೇನೆ. ಐದು ತಿಂಗಳು ಅನ್ನ ಅರ್ಧ ಮಾಡಿ, ರಾತ್ರಿ ನಾಯಿಗಳ ಜೊತೆ ಸುತ್ತು ಹಾಕಿ, ಆರು ಕೆ.ಜಿ. ಇಳಿದು ಮತ್ತೆ ರಕ್ತ ಕೊಟ್ಟೆ. ಟ್ರೈಗ್ಲಿಸರೈಡ್ 170, ಎಚ್‌ಡಿಎಲ್ 37. ಒಟ್ಟು ಮಾತ್ರ 188, ಎಲ್‌ಡಿಎಲ್ 86 ಇದ್ದದ್ದು 117! ಇಪ್ಪತ್ತೆರಡು ವರ್ಷ ಈ ಕೆಲಸದಲ್ಲಿದ್ದೂ ಎದೆ ಧಸಕ್ ಅಂದಿತು. ಡಾಕ್ಟರು ನಕ್ಕರು. ಲಾರಿಗಳು ಸರಾಗ ಖಾಲಿಯಾದಾಗ ಅವೇ ಎಲ್‌ಡಿಎಲ್ ಆಗಿ ಬದಲಾಗುತ್ತವೆ, ಸವೆಯುವುದೂ ತಪ್ಪುತ್ತದೆ, ಮೊದಲಿನದು ಮರೆಯಲ್ಲಿದ್ದ ಲೆಕ್ಕ ಅಂದರು. ನಾನ್-ಎಚ್‌ಡಿಎಲ್ 154 ಇದ್ದದ್ದು 151, ಇದಕ್ಕೆ ಮಾತ್ರೆ ಬೇಕೇ ಬೇಕು ಅಂತ ಅಟಾರ್ವಾಸ್ಟಾಟಿನ್ ಬರೆದರು. ಮೂರು ತಿಂಗಳಿಗೆ ಒಟ್ಟು 141, ಎಚ್‌ಡಿಎಲ್ 38. ಟ್ಯೂಬಿನ ಹಿಂದೆ ಬೆರಳಿಟ್ಟರೆ ಉಗುರಿನ ಗೆರೆ ಕಾಣುತ್ತಿತ್ತು.

ಕಳೆದ ತಿಂಗಳು ಆ ಗುಮಾಸ್ತರು ಬಂದಿದ್ದರು. ಬಿಪಿಯೂ ಸೇರಿಕೊಂಡಿದೆ ಈಗ. ಕಾಗದ ಕೊಟ್ಟೆ, ಒಟ್ಟು 176, ಎಚ್‌ಡಿಎಲ್ 37. ನಾನು ಕ್ಯಾಲ್ಕುಲೇಟರಿಗೆ ಕೈ ಹಾಕುವಷ್ಟರಲ್ಲಿ ಅವರೇ ಬಾಯಿಲೆಕ್ಕ ಹಾಕಿದರು. "ನೂರಾ ಮೂವತ್ತೊಂಬತ್ತು," ಅಂದರು. ಕನ್ನಡಕ ಹಣೆಗೇರಿಸಿ ಸ್ವಲ್ಪ ಹೊತ್ತು ಕಾಗದ ನೋಡಿ, "ಇನ್ನೂ ಮೂವತ್ತೊಂಬತ್ತು ಇಳೀಬೇಕಲ್ರಿ ಹಂಗಾರೆ."